ಚಿಕ್ಕ ಬಚ್ಚಲುಮನೆಗೆ ಕಡಿಮೆ ಖರ್ಚಿನಲ್ಲಿ ಸಿರಿವಂತ ಕಳೆ ತರುವ ಬಗೆ

ಒಂದೂವರೆ ಮೀಟರ್ ಅಗಲ, ಎರಡು ಮೀಟರಿಗಿಂತ ತುಸು ಹೆಚ್ಚು ಉದ್ದ ಇರುವ ಬಚ್ಚಲುಮನೆಯ ಬಾಗಿಲು ತೆರೆದರೆ ಅಲ್ಲಿರುವುದೆಲ್ಲವೂ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ದೊಡ್ಡ ಕೋಣೆಯಾದರೆ ಒಂದು ಮೂಲೆಯ ಕೊರತೆಯನ್ನು ಇನ್ನೊಂದು ಮೂಲೆಯ ಚೆಲುವು ಮರೆಸೀತು. ಚಿಕ್ಕ ಕೋಣೆಗೆ ಆ ಅನುಕೂಲವಿಲ್ಲ. ಟೈಲ್ಸ್ ನಡುವಿನ ಕಪ್ಪಾದ ಗೆರೆ, ಬೇಸಿನ್ನಿನ ಅಂಚಿನಲ್ಲಿ ಹಳದಿಗಟ್ಟಿದ ಸಿಲಿಕೋನ್ ಅಂಟು, ನಲ್ಲಿಯ ಬಾಯಿಗೆ ಕಟ್ಟಿಕೊಂಡ ಬಿಳಿ ಸುಣ್ಣ, ಕಿಟಕಿಯ ಕಟ್ಟೆಯ ಮೇಲೆ ಸಾಲುಗಟ್ಟಿ ನಿಂತ ಬಣ್ಣಬಣ್ಣದ ಬಾಟಲಿಗಳು, ಇವೆಲ್ಲ ಕೂಡಿ ನೋಟವನ್ನು ಹೆಜ್ಜೆಹೆಜ್ಜೆಗೂ ಎಡವಿಸುತ್ತವೆ. ಬೆಲೆಬಾಳುವಂತೆ ಕಾಣುವ ಬಚ್ಚಲುಮನೆಗಳನ್ನು ನಿಧಾನವಾಗಿ ಗಮನಿಸಿದರೆ, ಅಲ್ಲಿ ಕಣ್ಣು ಎಲ್ಲಿಯೂ ಎಡವದೆ ಗೋಡೆಯಿಂದ ನೆಲಕ್ಕೆ, ನೆಲದಿಂದ ಕನ್ನಡಿಗೆ ಸಾಗುತ್ತದೆ ಎಂಬುದು ತಿಳಿದುಬರುತ್ತದೆ. ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಕಣ್ಣನ್ನು ತಡೆಯುವ ಹಳೆಯದನ್ನು ಸರಿಪಡಿಸಬೇಕು. ಆಮೇಲೆ ಉಳಿದ ಹಣವನ್ನು ಎರಡೇ ಕಡೆ, ಅಂದರೆ ಬೆಳಕು ಬೀಳುವಲ್ಲಿ ಮತ್ತು ಕೈ ತಾಗುವಲ್ಲಿ ಹಾಕಬೇಕು. ಈ ಬರಹದ ಸಲಹೆಗಳೆಲ್ಲವೂ ಈ ಒಂದು ಲೆಕ್ಕಾಚಾರದ ಮೇಲೆಯೇ ನಿಂತಿವೆ.

ಗೆರೆಗಳಿಂದ ಕೆಲಸ ಆರಂಭಿಸಿ

ಮೊದಲ ದಿನ ಬಚ್ಚಲುಮನೆಯಲ್ಲಿರುವ ಪ್ರತಿಯೊಂದು ವಸ್ತುವನ್ನೂ ಹೊರಗೆ ತಂದಿಡಿ. ಬಕೆಟ್, ಮಗ್ಗು, ಕಾಲೊರಸು, ಬಾಟಲಿ, ಬ್ರಷ್, ಮೊಳೆಗೆ ತೂಗುಹಾಕಿದ ಚೀಲ ಯಾವುದೂ ಒಳಗೆ ಉಳಿಯಬಾರದು. ಖಾಲಿಯಾದ ಕೋಣೆಯ ಫೋಟೋವನ್ನು ಬಾಗಿಲಿನಲ್ಲಿ ನಿಂತು ತೆಗೆಯಿರಿ. ದಿನವೂ ನೋಡಿ ಕಣ್ಣಿಗೆ ರೂಢಿಯಾದ ಕಲೆಗಳು ಫೋಟೋದಲ್ಲಿ ಹೊಸದಾಗಿ ಕಾಣಿಸುತ್ತವೆ, ಮತ್ತು ಯಾವ ಕೆಲಸವನ್ನು ಮೊದಲು ಮಾಡಬೇಕೆಂಬುದನ್ನು ಆ ಚಿತ್ರವೇ ಹೇಳುತ್ತದೆ.

ನಲ್ಲಿ, ಶವರ್ ಮತ್ತು ಗಾಜಿನ ಮೇಲೆ ಕೂರುವ ಬಿಳಿ ಪದರವು ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೋನೇಟ್. ಅದನ್ನು ಉಜ್ಜಿ ತೆಗೆಯಲು ಹೋದರೆ ಲೋಹದ ಹೊಳಪು ಹಾಳಾಗುತ್ತದೆಯೇ ಹೊರತು ಸುಣ್ಣ ಹೋಗುವುದಿಲ್ಲ. ಅದು ಆಮ್ಲದಲ್ಲಿ ಕರಗಬೇಕು. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ಸಿಟ್ರಿಕ್ ಆಮ್ಲದ ಪುಡಿ ಬೆರೆಸಿ, ಬಟ್ಟೆಯನ್ನು ಅದರಲ್ಲಿ ನೆನೆಸಿ ನಲ್ಲಿಗೆ ಸುತ್ತಿ, ಕಾಲು ಗಂಟೆಯ ಬಳಿಕ ಚೆನ್ನಾಗಿ ತೊಳೆದು ಒಣಬಟ್ಟೆಯಿಂದ ಒರೆಸಿ. ನಲ್ಲಿಯ ತುದಿಯಲ್ಲಿರುವ ಜಾಲರಿಯನ್ನು ತಿರುಗಿಸಿ ಬಿಚ್ಚಿ ಅದೇ ದ್ರಾವಣದಲ್ಲಿ ನೆನೆಸಿದರೆ ಅಡ್ಡಾದಿಡ್ಡಿಯಾಗಿ ಚಿಮ್ಮುತ್ತಿದ್ದ ನೀರು ಮತ್ತೆ ನೇರ ಧಾರೆಯಾಗಿ ಬೀಳುತ್ತದೆ. ಅಮೃತಶಿಲೆಯ ಮೇಲೆ ಮಾತ್ರ ಯಾವ ಆಮ್ಲವನ್ನೂ ಬಳಸಕೂಡದು, ಏಕೆಂದರೆ ಆ ಶಿಲೆಯೂ ಕ್ಯಾಲ್ಸಿಯಂ ಕಾರ್ಬೋನೇಟೇ ಆಗಿರುವುದರಿಂದ ಕಲೆಯ ಜೊತೆಗೆ ಶಿಲೆಯ ಹೊಳಪೂ ಕರಗಿಹೋಗುತ್ತದೆ. ಇನ್ನೊಂದು ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ: ಬ್ಲೀಚನ್ನು ಆಮ್ಲದ ಜೊತೆಗಾಗಲಿ ಅಮೋನಿಯಾ ಇರುವ ದ್ರವದ ಜೊತೆಗಾಗಲಿ ಎಂದಿಗೂ ಬೆರೆಸಬೇಡಿ. ಅದರಿಂದ ಹೊರಡುವ ವಿಷಾನಿಲ ಚಿಕ್ಕ ಕೋಣೆಯಲ್ಲಿ ಕ್ಷಣಮಾತ್ರದಲ್ಲಿ ಉಸಿರು ಕಟ್ಟಿಸುತ್ತದೆ.

ಇನ್ನು ಗ್ರೌಟ್, ಅಂದರೆ ಟೈಲ್ಸ್ ನಡುವಿನ ಸಂದುಗಳನ್ನು ತುಂಬುವ ಗಾರೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ದೊಡ್ಡ ಬದಲಾವಣೆ ತರುವುದು ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಿಮೆಂಟಿನ ಗ್ರೌಟಿನಲ್ಲಿ ಸೂಕ್ಷ್ಮವಾದ ರಂಧ್ರಗಳಿರುತ್ತವೆ. ಸಾಬೂನಿನ ಜಿಡ್ಡು ಮತ್ತು ತೇವ ಅವುಗಳಲ್ಲಿ ನಿಂತು ಬೂಸ್ಟು ಬೆಳೆಯುತ್ತದೆ. ಸೋಡಿಯಂ ಪರ್‌ಕಾರ್ಬೋನೇಟ್ ಇರುವ ಬಟ್ಟೆ ಬಿಳುಪುಕಾರಕವನ್ನು ಬಿಸಿನೀರಿನಲ್ಲಿ ಕಲಸಿ ಗೆರೆಗಳಿಗೆ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ನೈಲಾನ್ ಬ್ರಷ್ಷಿನಿಂದ ಉಜ್ಜಿದರೆ ಹೆಚ್ಚಿನ ಕಪ್ಪು ಹೋಗುತ್ತದೆ. ತಂತಿಯ ಬ್ರಷ್ ಗ್ರೌಟನ್ನು ಕೆರೆದುಹಾಕುವುದರಿಂದ ಅದನ್ನು ದೂರವಿಡಿ. ಅಷ್ಟಾದರೂ ಕಲೆ ಉಳಿದರೆ, ಅಥವಾ ಗ್ರೌಟ್ ಅಲ್ಲಲ್ಲಿ ಉದುರಿದ್ದರೆ, ಕೈಗರಗಸದಂತಹ ಗ್ರೌಟ್ ಉಪಕರಣದಿಂದ ಕನಿಷ್ಠ 2ರಿಂದ 3 ಮಿಲಿಮೀಟರ್ ಆಳದವರೆಗೆ ಹಳೆಯದನ್ನು ಕೆರೆದು, ದೂಳು ತೆಗೆದು, ಹೊಸದನ್ನು ತುಂಬಿ. ಸಿಮೆಂಟಿನ ಬದಲು ರಾಳದಿಂದ ತಯಾರಾದ ಎಪಾಕ್ಸಿ ಗ್ರೌಟ್ ನೀರು ಹೀರುವುದಿಲ್ಲ, ಕಲೆ ಹಿಡಿಯುವುದಿಲ್ಲ. ಬೆಲೆ ಹೆಚ್ಚಾದರೂ ಶವರಿನ ಕೆಳಗಿನ ಗೋಡೆಗೆ ಅದನ್ನೇ ಆರಿಸುವುದು ಲೇಸು. ಅದು ಬೇಗ ಗಟ್ಟಿಯಾಗುವುದರಿಂದ ಸ್ವಲ್ಪಸ್ವಲ್ಪವೇ ಕಲಸಿಕೊಳ್ಳಬೇಕು, ಮತ್ತು ಟೈಲ್ಸ್ ಮೇಲೆ ಉಳಿದ ಜಿಡ್ಡನ್ನು ಆಗಿಂದಾಗಲೇ ಒರೆಸಬೇಕು.

ಗ್ರೌಟಿನ ಬಣ್ಣವನ್ನು ಆರಿಸುವಾಗ ಅನೇಕರು ತಪ್ಪುತ್ತಾರೆ. ಕೊಳೆ ಕಾಣಬಾರದೆಂದು ಬಿಳಿ ಟೈಲ್ಸಿಗೆ ಕಡುಬೂದು ಗ್ರೌಟ್ ಹಾಕಿದರೆ ಗೋಡೆಯ ತುಂಬ ನೂರಾರು ಚೌಕಗಳು ಎದ್ದು ಕಾಣುತ್ತವೆ, ಮತ್ತು ಕಣ್ಣು ಆ ಚೌಕಗಳನ್ನು ಎಣಿಸುತ್ತಲೇ ಕೋಣೆಯ ಕಿರಿದುತನವನ್ನೂ ಅಳೆದುಬಿಡುತ್ತದೆ. ಟೈಲ್ಸಿನ ಬಣ್ಣಕ್ಕಿಂತ ಕೇವಲ ಒಂದು ಛಾಯೆ ಗಾಢವಾದ ಗ್ರೌಟ್ ಹಾಕಿದರೆ ಗೆರೆಗಳು ಕರಗಿ ಗೋಡೆಯು ಒಂದೇ ಹಾಸುಗಲ್ಲಿನಂತೆ ತೋರುತ್ತದೆ. ಹಳೆಯ ಗ್ರೌಟ್ ಗಟ್ಟಿಯಾಗಿದ್ದು ಬಣ್ಣ ಮಾತ್ರ ಕೆಟ್ಟಿದ್ದರೆ ಗ್ರೌಟ್ ಪೆನ್ನಿನಿಂದಲೂ ಇದನ್ನು ಸಾಧಿಸಬಹುದು. ಆದರೆ ನೀರು ನೇರವಾಗಿ ಬೀಳುವಲ್ಲಿ ಆ ಬಣ್ಣ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂಬುದನ್ನು ತಿಳಿದೇ ಬಳಸಿ.

ಗೋಡೆಗೆ ಗೋಡೆ ಸೇರುವ ಮೂಲೆ, ಗೋಡೆಗೆ ನೆಲ ಸೇರುವ ಅಂಚು, ಬೇಸಿನ್ ಗೋಡೆಗೆ ತಾಗುವ ಸಂದು, ಇವುಗಳಲ್ಲಿ ಗ್ರೌಟ್ ಸದಾ ಬಿರಿಯುತ್ತದೆ, ಏಕೆಂದರೆ ಎರಡು ಮೇಲ್ಮೈಗಳು ತಮ್ಮ ತಮ್ಮ ರೀತಿಯಲ್ಲಿ ಹಿಗ್ಗಿ ಕುಗ್ಗುತ್ತವೆ. ಅಲ್ಲಿ ಬೇಕಾದದ್ದು ಬೂಸ್ಟುನಿರೋಧಕ ಅಂಶವಿರುವ, ಬಚ್ಚಲುಮನೆಗೆಂದೇ ತಯಾರಾದ ಸಿಲಿಕೋನ್. ಹಳೆಯ ಸಿಲಿಕೋನಿನ ಮೇಲೆ ಹೊಸದು ಅಂಟಿಕೊಳ್ಳುವುದಿಲ್ಲವಾದ್ದರಿಂದ ಹಳೆಯದನ್ನು ಬ್ಲೇಡಿನಿಂದ ಪೂರ್ತಿಯಾಗಿ ಕತ್ತರಿಸಿ ತೆಗೆಯಬೇಕು; ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಲು ಬಿಡಬೇಕು. ಬಳಿಕ ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪನ್ನು ನೇರವಾಗಿ ಅಂಟಿಸಿ, ನಡುವೆ ಸಿಲಿಕೋನನ್ನು ಒಂದೇ ಸಮನೆ ಎಳೆದು, ಸಾಬೂನಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಬಾರಿ ಸವರಿ, ಅದು ಒಣಗುವ ಮೊದಲೇ ಟೇಪನ್ನು ಕಿತ್ತುಬಿಡಿ. ಮೊದಲ ಪ್ರಯತ್ನದಲ್ಲಿ ಕೈ ಅಲುಗುವುದು ಸಹಜ. ಬಾಗಿಲಿನ ಹಿಂದಿನ, ಯಾರೂ ನೋಡದ ಮೂಲೆಯಿಂದ ಆರಂಭಿಸಿದರೆ ಬೇಸಿನ್ನಿನ ಬಳಿ ಬರುವಷ್ಟರಲ್ಲಿ ಕೈ ಪಳಗಿರುತ್ತದೆ. ಆಮೇಲೆ 24 ಗಂಟೆ ಅಲ್ಲಿಗೆ ನೀರು ತಾಗಿಸಬಾರದು.

ಬೆಳಕು

ಒಳ್ಳೆಯ ಟೈಲ್ಸ್ ಹಾಕಿಸಿ, ಬೆಲೆಬಾಳುವ ಬೇಸಿನ್ ಕೂರಿಸಿ, ಕೊನೆಗೆ ಚಾವಣಿಯ ನಡುವೆ ಒಂದೇ ಒಂದು ನೀಲಿಬಿಳುಪಿನ ದೀಪ ಹಾಕಿ ಎಲ್ಲವನ್ನೂ ಕೆಡಿಸಿಕೊಂಡ ಮನೆಗಳನ್ನು ನೋಡಿದ್ದೇನೆ. ಅದೇ ರೀತಿ ಹಳೆಯ, ಸಾಧಾರಣ ಟೈಲ್ಸಿನ ಕೋಣೆಯೊಂದು ಎರಡು ದೀಪಗಳನ್ನು ಬದಲಿಸಿದ ಮಾತ್ರಕ್ಕೆ ಬೇರೆಯದೇ ಕೋಣೆಯಂತೆ ತೋರಿದ್ದೂ ಉಂಟು. ಬಜೆಟ್ ಎಷ್ಟೇ ಬಿಗಿಯಾಗಿದ್ದರೂ ಬೆಳಕಿನ ಪಾಲನ್ನು ಕಡಿತಗೊಳಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ದೀಪದ ಪೆಟ್ಟಿಗೆಯ ಮೇಲೆ ಮೂರು ಅಂಕಿಗಳನ್ನು ನೋಡಿ. ಮೊದಲನೆಯದು ಬೆಳಕಿನ ಬಣ್ಣವನ್ನು ಸೂಚಿಸುವ ಕೆಲ್ವಿನ್. 2700ರಿಂದ 3000 ಕೆಲ್ವಿನ್ ಇರುವ ದೀಪವು ಮೈಬಣ್ಣಕ್ಕೂ ಮರಕ್ಕೂ ಕಲ್ಲಿಗೂ ಒಪ್ಪುವ ಬೆಚ್ಚನೆಯ ಬೆಳಕನ್ನು ಕೊಡುತ್ತದೆ. 6000ಕ್ಕೂ ಮೇಲಿನದು ಬಿಳಿ ಗೋಡೆಯನ್ನೂ ನೀಲಿಯಾಗಿಸುತ್ತದೆ. ಕೋಣೆಯ ಎಲ್ಲ ದೀಪಗಳೂ ಒಂದೇ ಕೆಲ್ವಿನ್ನಿನವಾಗಿರಬೇಕು, ಇಲ್ಲವಾದರೆ ಒಂದೇ ಟೈಲ್ಸ್ ಎರಡು ಬಣ್ಣದಲ್ಲಿ ಕಾಣುತ್ತದೆ. ಎರಡನೆಯದು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದನ್ನು ಹೇಳುವ ಸಿಆರ್‌ಐ. ಕನ್ನಡಿಯ ಬಳಿಯ ದೀಪಕ್ಕೆ ಅದು 90 ಅಥವಾ ಅದಕ್ಕಿಂತ ಹೆಚ್ಚಿರಲಿ. ಮೂರನೆಯದು ನೀರಿನಿಂದ ರಕ್ಷಣೆಯ ಐಪಿ ಅಂಕಿ. ಹನಿ ಸಿಡಿಯುವ ಜಾಗಕ್ಕೆ ಕನಿಷ್ಠ ಐಪಿ 44, ಶವರಿನ ನೇರ ಮೇಲ್ಭಾಗಕ್ಕೆ ಐಪಿ 65 ಇರುವ ದೀಪವೇ ಸುರಕ್ಷಿತ. ತಂತಿಯ ಕೆಲಸವನ್ನು ಅರ್ಹ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿ, ಮತ್ತು ಆ ಸಾಲಿಗೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಸಾಧನ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಉಳಿತಾಯ ಮಾಡಬಾರದ ಜಾಗ ಇದು.

ದೀಪ ಎಲ್ಲಿರಬೇಕು ಎಂಬುದು ದೀಪ ಎಂಥದು ಎಂಬುದಕ್ಕಿಂತಲೂ ಮುಖ್ಯ. ಚಾವಣಿಯಿಂದ ಮಾತ್ರ ಬೆಳಕು ಬಿದ್ದರೆ ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ ಬಿದ್ದು ಮುಖ ಬಾಡಿದಂತೆ ಕಾಣುತ್ತದೆ. ಕನ್ನಡಿಯ ಎರಡೂ ಬದಿಗೆ, ನೆಲದಿಂದ 150ರಿಂದ 170 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ನಿಂತವರ ಮುಖದ ಮಟ್ಟಕ್ಕೆ ಒಂದೊಂದು ದೀಪವಿದ್ದರೆ ನೆರಳು ಅಳಿಯುತ್ತದೆ. ಬದಿಯಲ್ಲಿ ಜಾಗವಿಲ್ಲದಿದ್ದರೆ ಕನ್ನಡಿಯ ಮೇಲೆ ಅದರಷ್ಟೇ ಅಗಲದ, ಹಾಲುಗಾಜಿನ ಹೊದಿಕೆಯಿರುವ ದೀಪ ಸಾಕು. ಕನ್ನಡಿಯ ಹಿಂಬದಿಯ ಅಂಚಿಗೆ ಎಲ್‌ಇಡಿ ಪಟ್ಟಿ ಅಂಟಿಸಿದರೆ ಕನ್ನಡಿ ಗೋಡೆಯಿಂದ ತೇಲಿದಂತೆ ತೋರುತ್ತದೆ. ಆದರೆ ಪಟ್ಟಿಯ ಬಿಡಿಬಿಡಿ ಚುಕ್ಕೆಗಳು ಟೈಲ್ಸಿನಲ್ಲಿ ಪ್ರತಿಫಲಿಸಿ ಕಾಣಿಸಿಕೊಂಡರೆ ಅಂದವೆಲ್ಲ ಹೋಗುವುದರಿಂದ, ಪಟ್ಟಿಯನ್ನು ಮಂಜುಗಾಜಿನಂಥ ಮುಚ್ಚಳವಿರುವ ಅಲ್ಯೂಮಿನಿಯಂ ಕಾಲುವೆಯೊಳಗೆ ಕೂರಿಸಬೇಕು. ಮಿಕ್ಕಂತೆ, ಚಾವಣಿಯ ದೀಪಕ್ಕೂ ಕನ್ನಡಿಯ ದೀಪಕ್ಕೂ ಬೇರೆ ಬೇರೆ ಸ್ವಿಚ್ಚುಗಳನ್ನು ಕೊಡಿಸಿದರೆ ರಾತ್ರಿಯ ವೇಳೆ ಮಂದವಾದ ಬೆಳಕೊಂದನ್ನೇ ಉಳಿಸಿಕೊಳ್ಳಬಹುದು.

ಕನ್ನಡಿ

ಚಿಕ್ಕ ಕೋಣೆಗೆ ಚಿಕ್ಕ ಕನ್ನಡಿ ಸಾಕೆಂಬ ಎಣಿಕೆ ತಲೆಕೆಳಗಾದದ್ದು. ಬೇಸಿನ್ನಿನಷ್ಟೇ ಅಗಲವಾಗಿ, ಸಾಧ್ಯವಾದರೆ ಗೋಡೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹಬ್ಬಿದ ಕನ್ನಡಿಯು ಎದುರಿನ ಗೋಡೆಯನ್ನು ದೂರ ಸರಿಸುತ್ತದೆ. ಕಿಟಕಿಗೆ ಎದುರಾಗಿದ್ದರೆ ಹಗಲಿನ ಬೆಳಕನ್ನೂ ಕೋಣೆಯೊಳಗೆ ಮರಳಿಸುತ್ತದೆ. ಚೌಕಟ್ಟಿನ ಅಲಂಕಾರಿಕ ಕನ್ನಡಿಗಿಂತ ಗಾಜಿನ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿ ಅಂಚು ನಯಗೊಳಿಸಿದ ಬರಿಯ ಕನ್ನಡಿ ಸಾಮಾನ್ಯವಾಗಿ ಅಗ್ಗ. ಅದು ಯಾವುದನ್ನು ಪ್ರತಿಫಲಿಸುತ್ತದೆ ಎಂಬುದನ್ನು ತೂಗುಹಾಕುವ ಮೊದಲೇ ನಿಂತು ನೋಡಿ, ಏಕೆಂದರೆ ಕಮೋಡನ್ನು ಇಮ್ಮಡಿಯಾಗಿ ತೋರಿಸುವ ಕನ್ನಡಿಯಿಂದ ಯಾರಿಗೂ ಉಪಯೋಗವಿಲ್ಲ.

ಕನ್ನಡಿಯ ಅಂಚಿನಲ್ಲಿ ಮೂಡುವ ಕಪ್ಪು ಮಚ್ಚೆಗಳು ಹಿಂಬದಿಯ ಬೆಳ್ಳಿಯ ಪದರಕ್ಕೆ ತೇವ ಇಳಿದದ್ದರ ಗುರುತು. ಗಾಜು ಒರೆಸುವ ದ್ರವವನ್ನು ನೇರವಾಗಿ ಕನ್ನಡಿಗೆ ಸಿಂಪಡಿಸಿದರೆ ಅದು ಕೆಳ ಅಂಚಿಗೆ ಹರಿದು ಹಿಂಬದಿ ಸೇರುತ್ತದೆ. ಆದ್ದರಿಂದ ಬಟ್ಟೆಗೆ ಹಾಕಿಕೊಂಡು ಒರೆಸಿ, ಅಮೋನಿಯಾ ಇಲ್ಲದ ದ್ರವವನ್ನೇ ಬಳಸಿ. ಅಂಟಿಸುವುದಾದರೆ ವಿನೆಗರಿನ ವಾಸನೆ ಬರುವ ಆಮ್ಲೀಯ ಸಿಲಿಕೋನ್ ಬೇಡ, ಅದು ಬೆಳ್ಳಿಯ ಪದರವನ್ನು ತಿನ್ನುತ್ತದೆ. ಕನ್ನಡಿಗೆ ಒಗ್ಗುವ ತಟಸ್ಥ ಸಿಲಿಕೋನ್ ಎಂದು ಕೇಳಿ ಪಡೆಯಿರಿ.

ಗೋಡೆ ಮತ್ತು ನೆಲ

ಟೈಲ್ಸ್ ಗಟ್ಟಿಯಾಗಿದ್ದು ಬಣ್ಣವಷ್ಟೇ ಹಿಡಿಸದಿದ್ದರೆ ಒಡೆಯುವ ಅಗತ್ಯವಿಲ್ಲ. ಗೋಡೆಯ ಟೈಲ್ಸಿಗೆ ಎಪಾಕ್ಸಿ ಬಣ್ಣ ಬಳಿಯಬಹುದು. ಅದರ ಯಶಸ್ಸು ಬಳಿಯುವ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಸಿದ್ಧತೆಯಲ್ಲಿದೆ. ಜಿಡ್ಡು ಕಿಂಚಿತ್ತೂ ಉಳಿಯದಂತೆ ತೊಳೆದು, ನುಣುಪಾದ ಉಪ್ಪುಕಾಗದದಿಂದ ಹೊಳಪನ್ನು ಉಜ್ಜಿ ತೆಗೆದು, ಪೂರ್ತಿ ಒಣಗಿಸಿ, ಹಿಡಿತ ಕೊಡುವ ಪ್ರೈಮರ್ ಹಚ್ಚಿದ ಮೇಲೆಯೇ ತೆಳುವಾಗಿ ಎರಡು ಪದರ ಬಣ್ಣ. ನೀರು ನಿಲ್ಲುವ ನೆಲಕ್ಕೆ ಈ ಉಪಾಯ ಬೇಡ, ಓಡಾಟ ಮತ್ತು ತೇವ ಸೇರಿ ಬಣ್ಣ ಏಳುತ್ತದೆ. ಟೈಲ್ಸಿನ ಮೇಲ್ಭಾಗದ ಬರಿಯ ಗೋಡೆಗೆ ಬೂಸ್ಟು ತಡೆಯುವ, ಸ್ಯಾಟಿನ್ ಹೊಳಪಿನ ಬಣ್ಣ ಆರಿಸಿ, ಅದೇ ಬಣ್ಣವನ್ನು ಚಾವಣಿಗೂ ಹಚ್ಚಿದರೆ ಗೋಡೆ ಎಲ್ಲಿ ಮುಗಿಯಿತೆಂಬ ಗೆರೆ ಅಳಿದು ಕೋಣೆ ಎತ್ತರವಾದಂತೆ ತೋರುತ್ತದೆ. ಬಣ್ಣ ತಿಳಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಕಿಟಕಿಯೇ ಇಲ್ಲದ ಕೋಣೆಗೆ ಬಿಳಿ ಹಚ್ಚಿದರೆ ಅದು ಬೂದಾಗಿ ಕಾಣುವುದೇ ಹೆಚ್ಚು. ಅಂಥ ಕಡೆ ಗಾಢವಾದ ಹಸಿರೋ ಮಣ್ಣಿನ ಕಂದೋ ನಾಲ್ಕೂ ಗೋಡೆಗೆ ಹರಡಿದರೆ ಮೂಲೆಗಳು ಮಸುಕಾಗಿ ಕೋಣೆಗೆ ಗಾಂಭೀರ್ಯ ಬರುತ್ತದೆ.

ಹೊಸ ಟೈಲ್ಸನ್ನೇ ಹಾಕಿಸುವುದಾದರೆ ಗೋಡೆಗೆ 600ಕ್ಕೆ 1200 ಮಿಲಿಮೀಟರಿನಂತಹ ದೊಡ್ಡ ಅಳತೆಯನ್ನು ಆರಿಸಿ, ಏಕೆಂದರೆ ಸಂದುಗಳು ಕಡಿಮೆಯಾದಷ್ಟೂ ಗೋಡೆ ಶಾಂತವಾಗುತ್ತದೆ. ಶವರಿನ ನೆಲದ ವಿಷಯ ಬೇರೆ. ಅಲ್ಲಿ ನೀರು ಹರಿಯಲು ಮೀಟರಿಗೆ 1ರಿಂದ 2 ಸೆಂಟಿಮೀಟರ್ ಇಳಿಜಾರು ಬೇಕು, ಮತ್ತು ದೊಡ್ಡ ಟೈಲ್ಸ್ ನಾಲ್ಕು ದಿಕ್ಕಿನಿಂದ ಒಂದು ತೂಬಿನ ಕಡೆಗೆ ಬಾಗಲಾರದು. ಸಣ್ಣ ಟೈಲ್ಸ್ ಆ ಇಳಿಜಾರಿಗೆ ಸುಲಭವಾಗಿ ಹೊಂದುತ್ತದೆ, ಅದರ ಹತ್ತಾರು ಸಂದುಗಳು ಪಾದಕ್ಕೆ ಹಿಡಿತವನ್ನೂ ಕೊಡುತ್ತವೆ. ನೆಲಕ್ಕೆ ಹೊಳೆಯುವ ಟೈಲ್ಸ್ ಯಾವ ಕಾರಣಕ್ಕೂ ಸಲ್ಲದು. ಹಣ ಸಾಲದಿದ್ದರೆ ದುಬಾರಿ ಟೈಲ್ಸನ್ನು ಕೋಣೆಯ ತುಂಬ ಹಾಕಿಸುವ ಬದಲು, ಬಾಗಿಲು ತೆರೆದಾಗ ಎದುರಾಗುವ ಒಂದು ಗೋಡೆಗೆ ಮಾತ್ರ ಹಾಕಿಸಿ, ಉಳಿದ ಮೂರಕ್ಕೆ ಅದೇ ಛಾಯೆಯ ಸಾದಾ ಟೈಲ್ಸ್ ಹಾಕಿಸುವುದು ಜಾಣತನ.

ಕೈ ತಾಗುವ ಲೋಹ

ನಲ್ಲಿಯ ಹಿಡಿಕೆ, ಬಾಗಿಲ ಚಿಲಕ, ಟವೆಲ್ ಸರಳು, ಇವು ದಿನಕ್ಕೆ ಹತ್ತಾರು ಬಾರಿ ಕೈಗೆ ಸಿಗುತ್ತವೆ. ಅವುಗಳ ತೂಕ ಮತ್ತು ನಯದ ಮೂಲಕವೇ ಕೈ ಆ ಕೋಣೆಯನ್ನು ಅರಿಯುತ್ತದೆ. ಹಿತ್ತಾಳೆಯ ಒಡಲಿರುವ ನಲ್ಲಿ ಕೈಯಲ್ಲಿ ಹಿಡಿದಾಗಲೇ ಭಾರವೆನಿಸುತ್ತದೆ, ತಿರುಗಿಸಿದಾಗ ಗಡಗಡಿಸುವುದಿಲ್ಲ. ಎಲ್ಲವನ್ನೂ ಬದಲಿಸಲಾಗದಿದ್ದರೆ ಬೇಸಿನ್ನಿನ ನಲ್ಲಿಯೊಂದನ್ನಾದರೂ ಒಳ್ಳೆಯದನ್ನೇ ಕೊಂಡು, ಉಳಿದ ಸರಳು, ಕೊಕ್ಕೆ, ತೂಬಿನ ಜಾಲರಿಗಳನ್ನು ಅದೇ ಬಣ್ಣದ ಲೋಹದಲ್ಲಿ ಆರಿಸಿ. ಒಂದೇ ಗೋಡೆಯಲ್ಲಿ ಕ್ರೋಮ್, ಚಿನ್ನದ ಬಣ್ಣ ಮತ್ತು ಕಪ್ಪು ಮೂರೂ ಸೇರಿದರೆ ಬೇರೆ ಬೇರೆ ಕಾಲದಲ್ಲಿ ಸಿಕ್ಕಿದ್ದನ್ನು ತಂದು ಜೋಡಿಸಿದಂತೆ ಕಾಣುತ್ತದೆ. ಚಿನ್ನದ ಬಣ್ಣವೇ ಇಷ್ಟವಾದರೆ ಪಿವಿಡಿ, ಅಂದರೆ ನಿರ್ವಾತದಲ್ಲಿ ಆವಿಯ ರೂಪದಲ್ಲಿ ಕೂರಿಸಿದ ಲೇಪನದ್ದನ್ನು ಕೇಳಿ, ಅದು ಸಾದಾ ಲೇಪನಕ್ಕಿಂತ ಹೆಚ್ಚು ಕಾಲ ಗೀರಿಲ್ಲದೆ ಉಳಿಯುತ್ತದೆ. ಬೇಸಿನ್ನಿನ ಕೆಳಗೆ ನೇತಾಡುವ ಪ್ಲಾಸ್ಟಿಕ್ ಸುಕ್ಕುಕೊಳವೆಯನ್ನು ತೆಗೆದು ತನ್ನೊಳಗೆ ನೀರು ನಿಲ್ಲಿಸಿಕೊಂಡು ವಾಸನೆ ತಡೆಯುವ ಲೋಹದ ಬಾಟಲ್ ಟ್ರ್ಯಾಪ್ ಹಾಕಿಸುವುದು ಅರ್ಧ ಗಂಟೆಯ ಕೆಲಸ. ಬಾಗಿಲಿನಿಂದ ನೋಡುವವರಿಗೆ ಮೊದಲು ಕಾಣುವುದೇ ಆ ಕೊಳವೆ ಎಂಬುದನ್ನು ಬಹಳ ಮಂದಿ ಮರೆತಿರುತ್ತಾರೆ.

ಕೊಕ್ಕೆ ಅಥವಾ ಸರಳಿಗಾಗಿ ಟೈಲ್ಸ್ ಕೊರೆಯುವಾಗ ಡ್ರಿಲ್ಲಿನ ಸುತ್ತಿಗೆ ಹೊಡೆತವನ್ನು ನಿಲ್ಲಿಸಿ, ಗುರುತಿನ ಮೇಲೆ ಟೇಪ್ ಅಂಟಿಸಿ, ವಜ್ರದ ಲೇಪನವಿರುವ ಬಿಟ್ಟನ್ನು ನೀರು ಹನಿಸುತ್ತ ನಿಧಾನವಾಗಿ ಇಳಿಸಿ. ನಲ್ಲಿಗಳ ನೇರ ಮೇಲೆ ಅಥವಾ ಕೆಳಗೆ ಕೊರೆಯಲೇಬೇಡಿ, ಕೊಳವೆ ಅಲ್ಲಿಯೇ ಹಾದಿರುವ ಸಂಭವ ಹೆಚ್ಚು.

ಇಡುವುದು, ಮರೆಮಾಡುವುದು, ತೂಗುಹಾಕುವುದು

ಹೊರಗಿಟ್ಟ ವಸ್ತುಗಳಲ್ಲಿ ದಿನವೂ ಬಳಸುವವು ಎಷ್ಟೆಂದು ಎಣಿಸಿದರೆ ಹತ್ತು ದಾಟುವುದು ಅಪರೂಪ. ಅವುಗಳಷ್ಟನ್ನೇ ಒಳಗೆ ತನ್ನಿ. ಶಾಂಪೂ ಮತ್ತು ದ್ರವಸಾಬೂನನ್ನು ಒಂದೇ ಬಗೆಯ ಸಾದಾ ಬಾಟಲಿಗಳಿಗೆ ತುಂಬಿಕೊಂಡರೆ ಲೇಬಲ್ಲುಗಳ ಗದ್ದಲ ನಿಲ್ಲುತ್ತದೆ. ಉಳಿದವುಗಳಿಗೆ 10ರಿಂದ 12 ಸೆಂಟಿಮೀಟರ್ ಆಳದ ಕನ್ನಡಿ ಕಪಾಟು ಸಾಕು. ಬಾಗಿಲಿನ ಮೇಲಿನ ಗೋಡೆಯಲ್ಲಿ ಒಂದು ಹಲಗೆ ಹಾಕಿದರೆ ಮಡಿಚಿದ ಟವೆಲ್ಲುಗಳಿಗೆ ಜಾಗವಾಗುತ್ತದೆ, ಒಳಗೆ ಬರುವಾಗ ಅದು ಕಣ್ಣಿಗೆ ಬೀಳುವುದೂ ಇಲ್ಲ. ಬೇಸಿನ್ನಿನ ಕಪಾಟನ್ನು ನೆಲಕ್ಕೆ ಊರಿಸದೆ 20ರಿಂದ 25 ಸೆಂಟಿಮೀಟರ್ ಮೇಲೆ ಗೋಡೆಗೆ ಬಿಗಿಸಿದರೆ ನೆಲ ಗೋಡೆಯವರೆಗೂ ಕಾಣುತ್ತದೆ. ಎಷ್ಟು ನೆಲ ಕಾಣುತ್ತದೆಯೋ ಕೋಣೆಯೂ ಅಷ್ಟು ದೊಡ್ಡದೆಂದು ಮನಸ್ಸು ನಂಬುತ್ತದೆ.

ಇದೇ ಕಾರಣಕ್ಕೆ ಶವರಿನ ಬಳಿ ಚೌಕಟ್ಟಿಲ್ಲದ, 8 ಮಿಲಿಮೀಟರ್ ದಪ್ಪದ ಗಟ್ಟಿಗೊಳಿಸಿದ ಗಾಜಿನ ಒಂದೇ ಫಲಕ ಒಪ್ಪುತ್ತದೆ. ಅದು ಕೈಗೆಟುಕದಿದ್ದರೆ ಪರದೆಯೇ ಆಗಲಿ, ಆದರೆ ಅದರ ಸರಳನ್ನು ಚಾವಣಿಗೆ ಆದಷ್ಟು ಹತ್ತಿರ ಕಟ್ಟಿ, ನೆಲಕ್ಕೆ ಒಂದೆರಡು ಸೆಂಟಿಮೀಟರ್ ಉಳಿಯುವಷ್ಟು ಉದ್ದದ, ಚಿತ್ತಾರವಿಲ್ಲದ ದಪ್ಪ ಬಟ್ಟೆಯನ್ನು ಇಳಿಬಿಡಿ. ಟವೆಲ್ಲುಗಳೆಲ್ಲ ಒಂದೇ ಬಣ್ಣದವಾಗಿರಲಿ. ಚದರ ಮೀಟರಿಗೆ 500 ಗ್ರಾಂ ಆಸುಪಾಸಿನ ಹತ್ತಿಯ ಟವೆಲ್ ಮೈಗೆ ಹಿತವಾಗಿಯೂ ಇರುತ್ತದೆ, ಬೇಗ ಒಣಗುತ್ತದೆ. ಮೃದುಕಾರಕ ದ್ರವ ಹಾಕಿ ಒಗೆದರೆ ಅದು ನೀರು ಹೀರುವುದನ್ನೇ ಕಡಿಮೆ ಮಾಡುತ್ತದೆ. ಕಿಟಕಿ ಇದ್ದಲ್ಲಿ ಒಂದು ಮನಿ ಪ್ಲಾಂಟ್ ಇಡಬಹುದು, ಬೆಳಕೇ ಇಲ್ಲದಿದ್ದರೆ ಗಿಡ ಬೇಡ.

ವಾಸನೆ ಮತ್ತು ಗಾಳಿ

ಮೇಲಿನದೆಲ್ಲವನ್ನೂ ಮಾಡಿ ಮುಗಿಸಿದರೂ ಬಾಗಿಲು ತೆರೆದಾಗ ಮುಗ್ಗಲು ವಾಸನೆ ಬಂದರೆ ಶ್ರಮವೆಲ್ಲ ವ್ಯರ್ಥ. ನೆಲದ ತೂಬಿನ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ನಿಂತಿರುತ್ತದೆ, ಚರಂಡಿಯ ಗಾಳಿಯನ್ನು ತಡೆಯುವುದು ಆ ನೀರೇ. ಕೆಲವು ವಾರ ಬಳಕೆಯಿಲ್ಲದಿದ್ದರೆ ನೀರು ಆರಿ ವಾಸನೆ ಮೇಲೆ ಬರುತ್ತದೆ. ಒಂದು ಮಗ್ಗು ನೀರು ಹಾಕಿ, ಮೇಲೆ ಕೆಲವು ಹನಿ ಅಡುಗೆ ಎಣ್ಣೆ ಬಿಟ್ಟರೆ ನೀರು ಆರುವುದು ನಿಧಾನವಾಗುತ್ತದೆ. ಸುಗಂಧ ಸಿಂಪಡಿಸಿ ಮರೆಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಹೊಸ ಗ್ರೌಟ್, ಬಣ್ಣ, ಕನ್ನಡಿ ಇವುಗಳ ಆಯುಷ್ಯವೆಲ್ಲ ಎಕ್ಸಾಸ್ಟ್ ಫ್ಯಾನನ್ನು ಅವಲಂಬಿಸಿದೆ. 1.5 ಮೀಟರ್ ಅಗಲ, 2.2 ಮೀಟರ್ ಉದ್ದ, 2.4 ಮೀಟರ್ ಎತ್ತರದ ಕೋಣೆಯಲ್ಲಿ ಸುಮಾರು 8 ಘನ ಮೀಟರ್ ಗಾಳಿ ಇರುತ್ತದೆ. ಅದನ್ನು ಗಂಟೆಗೆ ಹತ್ತು ಬಾರಿ ಬದಲಿಸಲು ಗಂಟೆಗೆ 80 ಘನ ಮೀಟರ್ ಹೊರಹಾಕುವ ಫ್ಯಾನ್ ಬೇಕು. ಸ್ನಾನವಾದ ಮೇಲೂ ಅದನ್ನು 20 ನಿಮಿಷ ಓಡಿಸಿ. ಹೊರಹೋದಷ್ಟೇ ಗಾಳಿ ಒಳಬರಲು ದಾರಿಯಿರಬೇಕಾದ್ದರಿಂದ ಬಾಗಿಲಿನ ಕೆಳಗೆ ಕನಿಷ್ಠ ಒಂದು ಸೆಂಟಿಮೀಟರ್ ಸಂದು ಇರಲಿ. ಇದು ಸರಿಯಿದೆಯೇ ಎಂದು ತಿಳಿಯಲು ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ತೆಳುವಾದ ಟಿಶ್ಯೂ ಕಾಗದವೊಂದನ್ನು ಅದರ ಜಾಲರಿಗೆ ಹಿಡಿದು ಕೈಬಿಡಿ. ಕಾಗದ ಅಲ್ಲಿಯೇ ಅಂಟಿ ನಿಂತರೆ ಗಾಳಿ ಸರಾಗವಾಗಿದೆ. ಬಿದ್ದುಹೋದರೆ ಬಾಗಿಲನ್ನು ತುಸು ತೆರೆದು ಮತ್ತೊಮ್ಮೆ ಹಿಡಿಯಿರಿ: ಆಗ ಅಂಟಿಕೊಂಡರೆ ಬಾಗಿಲಿನ ಕೆಳಗಿನ ಸಂದು ಸಾಲದು, ಆಗಲೂ ಬಿದ್ದರೆ ಜಾಲರಿಯ ದೂಳು ತೆಗೆಯಬೇಕು ಅಥವಾ ಫ್ಯಾನನ್ನೇ ಬದಲಿಸಬೇಕು.